ಸಿಂಹಗಡ–ರಾಜಗಡ–ತೋರಣಾ: ನೀರು ಎಲ್ಲಿ ಸಿಗುತ್ತೆ ಅಂತ ಮೊದಲು ಕೇಳಿ

(ಮಾತಿನ ಪಠ್ಯರೂಪ. ಆಡುಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಪುಣೆ, ಮುಂಬೈ ಕಡೆಯವರು ಬಹಳ ಜನ ಇದ್ದೀರಿ. ಚೆನ್ನೈ, ಹೈದರಾಬಾದಿನಿಂದಲೂ ನೋಡ್ತಿದ್ದೀರಿ. ಸಹ್ಯಾದ್ರಿಯಲ್ಲಿ ಒಂದು ದೊಡ್ಡ ನಡಿಗೆ ಅಥವಾ ಟ್ರೇಲ್ ರನ್ ಅಂದ ತಕ್ಷಣ ಬರೋ ಮೊದಲ ಪ್ರಶ್ನೆ, 'ಒಟ್ಟು ಎಷ್ಟು ಕಿಲೋಮೀಟರ್?' ಎರಡನೇದು, 'ಎಷ್ಟು ಹೊತ್ತಿನಲ್ಲಿ ಮುಗಿಸಬಹುದು?' ಇವತ್ತು ಆ ಎರಡನ್ನೂ ಸ್ವಲ್ಪ ಪಕ್ಕಕ್ಕಿಡೋಣ. ನೀರು ಎಲ್ಲಿದೆ, ಬೆಳಕು ಎಷ್ಟು ಹೊತ್ತಿದೆ, ದಾರಿಯಲ್ಲಿ ಯಾರ ಮನೆ ಇದೆ, ಈ ಮೂರರಿಂದ ಒಂದು ದಾರಿಯನ್ನ ಅಳೆದು ನೋಡೋಣ.

ದಾರಿ ಯಾವುದು ಅಂದ್ರೆ, ಪುಣೆಯ ನೈಋತ್ಯಕ್ಕಿರೋ ಸಿಂಹಗಡ, ಅಲ್ಲಿಂದ ರಾಜಗಡ, ಅಲ್ಲಿಂದ ತೋರಣಾ. ಟ್ರೆಕ್ಕಿಂಗ್ ಮಾಡೋರು ಇಂಗ್ಲಿಷಿನ ಮೂರಕ್ಷರ ಸೇರಿಸಿ 'ಎಸ್‌ಆರ್‌ಟಿ' ಅಂತಾರೆ. ಎಲ್ಲಿಂದ ಶುರು ಮಾಡ್ತೀರಿ ಅನ್ನೋದರ ಮೇಲೆ 40ರಿಂದ 50 ಕಿಲೋಮೀಟರ್. ಚಳಿಗಾಲದಲ್ಲಿ ಇಲ್ಲಿ ಓಟದ ಸ್ಪರ್ಧೆಯೂ ನಡೆಯುತ್ತೆ. ನೋಟದ ವಿಷಯಕ್ಕೆ ಬಂದರೆ ಪುಣೆಯ ಸುತ್ತ ಇದಕ್ಕಿಂತ ಒಳ್ಳೇ ದಾರಿ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಬೆಳಿಗ್ಗೆ ಕಣಿವೆ ತುಂಬ ಮಂಜು, ಅದರ ಮೇಲೆ ಕೋಟೆಗಳ ತಲೆ ಮಾತ್ರ ಎದ್ದಿರುತ್ತೆ. ತೋರಣಾ ಮೇಲೆ ಹೋದಾಗ ಆಕಾಶ ತಿಳಿಯಾಗಿದ್ದರೆ ಹಿಂದೆ ನೀವು ಬಿಟ್ಟುಬಂದ ರಾಜಗಡ, ಸಿಂಹಗಡ, ಮುಂದೆ ಕೊಂಕಣದ ಕಡೆ ಲಿಂಗಾಣಾದ ಚೂಪು, ರಾಯಗಡ ಎಲ್ಲಾ ಕಾಣುತ್ತೆ. ದಿನವಿಡೀ ನಡೆದದ್ದು ಒಂದೇ ನೋಟದಲ್ಲಿ ಬಿಚ್ಚಿಕೊಳ್ಳೋ ದಾರಿಗಳು ಕಡಿಮೆ.

ಇತಿಹಾಸ ನಿಮಗೆ ಗೊತ್ತೇ ಇದೆ, ಬೇಗ ಹೇಳಿಬಿಡ್ತೀನಿ. ತೋರಣಾ ವಿಜಯಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದ ಕೋಟೆ. 1646ರ ಸುಮಾರಿಗೆ ಶಿವಾಜಿ ಮೊದಲು ಹಿಡಿದ ಕೋಟೆ ಇದೇ ಅಂತ ಪ್ರತೀತಿ. ರಾಜಗಡ ಸುಮಾರು ಕಾಲು ಶತಮಾನ ರಾಜಧಾನಿಯಾಗಿತ್ತು. ರಾಯಗಡ ಬಂದದ್ದು ಆಮೇಲೆ, ಪಟ್ಟಾಭಿಷೇಕ ಆದದ್ದು 1674ರಲ್ಲಿ ಅಲ್ಲಿ. ಸಿಂಹಗಡ ಅಂದ್ರೆ 1670ರ ಫೆಬ್ರವರಿ, ತಾನಾಜಿ ಮಾಲುಸರೆ. 2025ರ ಜುಲೈನಲ್ಲಿ ಯುನೆಸ್ಕೋ ಮರಾಠಾ ಕಾಲದ 12 ಕೋಟೆಗಳನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತಲ್ಲ, ಅದರಲ್ಲಿ ಈ ಮೂರರ ಪೈಕಿ ರಾಜಗಡ ಮಾತ್ರ ಇದೆ. ಚೆನ್ನೈನವರಿಗೆ ಹತ್ತಿರದ್ದು ಬೇಕಾದರೆ ಅದೇ ಪಟ್ಟಿಯಲ್ಲಿ ತಮಿಳುನಾಡಿನ ಜಿಂಜಿ ಕೋಟೆಯೂ ಇದೆ.

ಈಗ ಕಲ್ಲಿನ ವಿಷಯಕ್ಕೆ ಬರ್ತೀನಿ. ಇದು ಸ್ವಲ್ಪ ನಿಧಾನವಾಗಿ ಹೇಳಬೇಕಾದ ಮಾತು, ಯಾಕಂದ್ರೆ ಈ ದಾರಿಯ ಕಷ್ಟ-ಸುಖ ಎಲ್ಲಾ ಇದರಲ್ಲೇ ಇದೆ.

ನಮ್ಮ ಮಲೆನಾಡಿನಲ್ಲಿ ಚಾರಣ ಮಾಡಿದೋರಿಗೆ ಒಂದು ಅಭ್ಯಾಸ ಇರುತ್ತೆ. ಕುಮಾರ ಪರ್ವತಕ್ಕೆ ಹೋಗ್ತೀರಿ, ಕೊಡಚಾದ್ರಿಗೆ ಹೋಗ್ತೀರಿ. ಕಾಡು ಇರುತ್ತೆ, ನೆರಳು ಇರುತ್ತೆ, ಮಳೆಗಾಲ ಮುಗಿದ ಮೇಲೂ ಎಷ್ಟೋ ದಿನ ಎಲ್ಲಾದರೂ ಒಂದು ಝರಿ ಹರೀತಾ ಇರುತ್ತೆ. ಪುಣೆಯ ಸಹ್ಯಾದ್ರಿ ಹಾಗಲ್ಲ. ಇದು ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದ ಕಪ್ಪು ಕಲ್ಲು, ಬಸಾಲ್ಟ್. ದೂರದಿಂದ ನೋಡಿದರೆ ಬೆಟ್ಟ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಲ್ಲ, ಒಂದೊಂದು ಮೆಟ್ಟಿಲೂ ಲಾವಾದ ಒಂದೊಂದು ಹರಿವು. ಒಂದು ಪದರ ಗಟ್ಟಿ, ಮತ್ತೊಂದು ಪದರ ತೂತು ತೂತಾದ ಮೆದು ಕಲ್ಲು. ಮಳೆಯ ನೀರು ಬಿರುಕಿನಲ್ಲಿ ಇಳಿದು ಮೆದು ಪದರದಲ್ಲಿ ನಿಲ್ಲುತ್ತೆ. ಕೆಳಗೆ ಗಟ್ಟಿ ಪದರ ಅಡ್ಡ ಬಂದಲ್ಲಿ ಪಕ್ಕಕ್ಕೆ ಜಿನುಗುತ್ತೆ. ಅಂದ್ರೆ ಇಲ್ಲಿ ನೀರು ಎಲ್ಲೆಂದರಲ್ಲಿ ಸಿಗೋದಲ್ಲ, ಕೆಲವು ಮಟ್ಟದಲ್ಲಿ, ಕೆಲವು ಜಾಗದಲ್ಲಿ ಮಾತ್ರ.

ಕೋಟೆ ಕಟ್ಟಿದೋರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕಲ್ಲಿನಲ್ಲೇ ತೊಟ್ಟಿ ಕೊರೆದರು. ಮರಾಠಿಯಲ್ಲಿ 'ಟಾಕೆ' ಅಂತಾರೆ. ರಾಜಗಡದ ಪದ್ಮಾವತಿ ಮಾಚಿಯಲ್ಲಿ ಒಂದು ಕೆರೆಯೇ ಇದೆ, ಜೊತೆಗೆ ಟಾಕೆಗಳು. ತೋರಣಾ ಮೇಲೆ ಮೇಂಗಾಯಿ ದೇವಿ ಗುಡಿ ಸುತ್ತಮುತ್ತ ಟಾಕೆಗಳಿವೆ. ಅಂದ್ರೆ ನೀರು ಕೋಟೆಯ ತಲೆ ಮೇಲಿದೆ, ಇಲ್ಲಾ ಕೆಳಗೆ ಊರಲ್ಲಿದೆ. ನಡುವಿನ ಉದ್ದ ಏಣಿನ ಮೇಲೆ, ಮರಾಠಿಯಲ್ಲಿ ಧಾರ್, ಸೋಂಡ್ ಅಂತೆಲ್ಲ ಹೇಳ್ತಾರಲ್ಲ, ಅಲ್ಲಿ ಬರೀ ಹುಲ್ಲು, ಬಂಡೆ, ಬಿಸಿಲು. ನೆರಳು ಕೂಡ ಇಲ್ಲ.

ಹಾಗಾಗಿ ಈ ದಾರಿಯನ್ನ ನಾನು ಕಿಲೋಮೀಟರಿನಲ್ಲಿ ನೋಡಲ್ಲ, ತುಂಡು ತುಂಡಾಗಿ ನೋಡ್ತೀನಿ. ಒಂದು ನೀರಿನಿಂದ ಇನ್ನೊಂದು ನೀರಿಗೆ ಒಂದು ತುಂಡು.

ಮೊದಲ ತುಂಡು ಸಿಂಹಗಡ. ಸ್ವಾರಗೇಟ್ ಕಡೆಯಿಂದ ಸಿಟಿ ಬಸ್ಸು ಬುಡದ ತನಕ ಬರುತ್ತೆ. ಭಾನುವಾರ ಬೆಳಿಗ್ಗೆ ಅರ್ಧ ಪುಣೆ ಅಲ್ಲೇ ಇರುತ್ತೆ. ಮೇಲೆ ಮಡಿಕೆಯ ಮೊಸರು, ತಾಕ್ ಅಂದ್ರೆ ನಮ್ಮ ಮಜ್ಜಿಗೆ, ಪಿಠ್ಲ-ಭಾಕ್ರಿ. ಧಾರವಾಡ, ಬೆಳಗಾವಿ ಕಡೆಯವರಿಗೆ ನಾನು ಅದನ್ನ ವಿವರಿಸೋದೇ ಬೇಡ, ಜುಣಕಾ-ರೊಟ್ಟಿಯ ಅಕ್ಕನೋ ತಂಗಿಯೋ. ಇಲ್ಲಿ ಯಾವ ಚಿಂತೆಯೂ ಇಲ್ಲ. ಆದರೆ ಕಲ್ಯಾಣ ದರವಾಜಾ ದಾಟಿ ಆ ಕಡೆ ಇಳಿಯೋಕೆ ಶುರು ಮಾಡಿದ ತಕ್ಷಣ ಜಾತ್ರೆ ಹಿಂದೆ ಉಳಿಯುತ್ತೆ. ಕೆಳಗೆ ಕಲ್ಯಾಣ ಅನ್ನೋ ಊರು.

ಎರಡನೇದು ಕಲ್ಯಾಣದಿಂದ ವಿಂಝರ್ ಕಡೆಯ ಗುಡ್ಡ ದಾಟಿ ಗುಂಜವಣೆ ಊರಿನ ತನಕ. ಹೊಲ, ಡಾಂಬರು, ಹಳ್ಳಿ, ಮತ್ತೆ ಗುಡ್ಡ. ನೋಟದಲ್ಲಿ ಇದು ಅಷ್ಟು ದೊಡ್ಡದಲ್ಲ, ಆದರೆ ಊರುಗಳಿರೋದರಿಂದ ನೀರು ಸಿಗುತ್ತೆ. ಓಡೋರು ಸಾಮಾನ್ಯವಾಗಿ ಇಲ್ಲಿ ವೇಗ ಜಾಸ್ತಿ ಮಾಡ್ತಾರೆ, ಯಾಕಂದ್ರೆ ಓಡೋಕೆ ಆಗೋ ಜಾಗ ಇದೇ. ಆ ಖರ್ಚಿನ ಲೆಕ್ಕ ಮಧ್ಯಾಹ್ನ ಬರುತ್ತೆ.

ಮೂರನೇದು ಗುಂಜವಣೆಯಿಂದ ರಾಜಗಡ. ಚೋರ್ ದರವಾಜಾ ಕಡೆಯಿಂದ ಹತ್ತೋದು, ಕೊನೆಯಲ್ಲಿ ಬಂಡೆಯ ಮೆಟ್ಟಿಲು, ಹಿಡಿಯೋಕೆ ಕಂಬಿ. ಸುಮಾರು ಆರುನೂರು ಮೀಟರ್ ಒಂದೇ ಉಸಿರಿನ ಏರು. ಮೇಲೆ ಬಂದಾಗ ನೀರು ಇದೆ. ಹೊತ್ತಿದ್ದರೆ ಸುವೇಳಾ ಮಾಚಿಗೆ ಹೋಗಿ 'ನೇಢೆ' ನೋಡಿ ಬನ್ನಿ. ಬಂಡೆಯಲ್ಲಿ ಗಾಳಿ-ಮಳೆ ಕೊರೆದ ದೊಡ್ಡ ತೂತು. ನೇಢೆ ಅಂದ್ರೆ ಸೂಜಿಯ ಕಣ್ಣು. ಆದರೆ ತೋರಣಾಕ್ಕೆ ಹೋಗೋ ದಿನ ಇದನ್ನ ಬಿಡಬೇಕಾಗುತ್ತೆ, ದಾರಿ ಅದರ ಎದುರು ದಿಕ್ಕಿಗೆ, ಸಂಜೀವನಿ ಮಾಚಿಯ ಕಡೆಗೆ. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ, ಜೋಡಿ ಗೋಡೆಯ, ಹಾವಿನ ಹಾಗೆ ಇಳಿಯೋ ಕೋಟೆಯ ಬಾಲ ಅದು. ಅದರ ಮೇಲೆ ನಡೆಯೋದೇ ಒಂದು ಸುಖ.

ಆ ಬಾಲದ ಹತ್ತಿರ ಅಳು ದರವಾಜಾ ಇದೆ. ಇಡೀ ದಾರಿಯಲ್ಲಿ ನಿಂತು ಯೋಚನೆ ಮಾಡಬೇಕಾದ ಜಾಗ ಅಂದ್ರೆ ಇದೊಂದೇ. ಇಲ್ಲಿಂದ ಹೊರಗೆ ಇಳಿದರೆ ನಾಲ್ಕನೇ ತುಂಡು ಶುರು. ಒಂದಾದ ಮೇಲೊಂದು ಗುಡ್ಡದ ಬೆನ್ನು ಹತ್ತಿ ಇಳಿದು, ನಡುವೆ ಒಂದು ಖಿಂಡ್‌ನಲ್ಲಿ, ಅಂದ್ರೆ ಕಣಿವೆಬಾಯಿಯಲ್ಲಿ, ಡಾಂಬರು ರಸ್ತೆ ದಾಟಿ, ಮತ್ತೆ ಏಣು ಹತ್ತಿ, ಕೊನೆಗೆ ಬಂಡೆ ಮತ್ತು ಏಣಿ ಹತ್ತಿ ತೋರಣಾದ ಬುಧಲಾ ಮಾಚಿ ಸೇರೋದು. ನಡೆಯೋರಿಗೆ ಐದಾರು ಗಂಟೆ ಬೇಕು. ಈ ಐದಾರು ಗಂಟೆಯಲ್ಲಿ ನೀವು ನಂಬಬಹುದಾದ ನೀರು ನಿಮ್ಮ ಬೆನ್ನಮೇಲೆ ಇರೋದು ಮಾತ್ರ. ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗುತ್ತೆ ಅಂತ ಇಟ್ಟುಕೊಂಡರೂ ಮೂರು-ನಾಲ್ಕು ಲೀಟರ್ ಹೊರಬೇಕು. 'ತೂಕ ಆಗುತ್ತೆ' ಅಂತೀರಿ. ಆಗುತ್ತೆ, ಆದರೂ ಹೊರಬೇಕು. ಪದ್ಮಾವತಿ ಮಾಚಿಯಲ್ಲಿ ನೀರು ತುಂಬಿಸಿಕೊಳ್ಳದೆ ಅಳು ದರವಾಜಾ ದಾಟಬೇಡಿ. ಟಾಕೆಯ ನೀರಾದರೆ ಕ್ಲೋರಿನ್ ಮಾತ್ರೆ ಹಾಕಿ ಅಥವಾ ಫಿಲ್ಟರ್ ಮಾಡಿ ಕುಡಿಯಿರಿ.

ಈಗ ಬೆಳಕಿನ ಲೆಕ್ಕ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನೋರು 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಈಗಿನ ಅಳತೆಯಲ್ಲಿ ಹೇಳೋದಾದರೆ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ 45 ಕಿಲೋಮೀಟರ್ ಅಂತ ಹಿಡಿಯಿರಿ, ಒಂಬತ್ತು ಗಂಟೆ. ಏರು ಒಟ್ಟು ಸುಮಾರು ಎರಡು ಸಾವಿರ ಮೀಟರ್, ಮೂರು ಗಂಟೆ ಇಪ್ಪತ್ತು ನಿಮಿಷ. ಹನ್ನೆರಡು ಗಂಟೆ ಮೀರಿತು. ಇದರಲ್ಲಿ ಕೂತದ್ದು, ತಿಂದದ್ದು, ಫೋಟೋ ತೆಗೆದದ್ದು ಯಾವುದೂ ಇಲ್ಲ. ಡಿಸೆಂಬರಿನಲ್ಲಿ ಪುಣೆಗೆ ಹಗಲು ಸಿಗೋದು ಹನ್ನೊಂದು ಗಂಟೆ. ಅಂದ್ರೆ ನಡೆಯೋ ಮನುಷ್ಯನಿಗೆ ಇದು ಒಂದು ಹಗಲಿನ ದಾರಿಯೇ ಅಲ್ಲ. ಸೂತ್ರ ಸ್ಕಾಟ್ಲೆಂಡಿನದ್ದು, ಇಲ್ಲಿನ ಬಿಸಿಲಿನದ್ದಲ್ಲ ಅನ್ನೋದನ್ನೂ ನೆನಪಿಡಿ.

ಹಾಗಾಗಿ ಎರಡು ದಿನ ಮಾಡಿ, ಗುಂಜವಣೆಯಲ್ಲಿ ಯಾರದಾದರೂ ಮನೆಯಲ್ಲಿ ಊಟ, ವಸತಿ ಮಾತಾಡಿಕೊಳ್ಳಿ. ಕೋಟೆಯ ಮೇಲೆ ರಾತ್ರಿ ತಂಗೋದರ ಬಗ್ಗೆ ಪುರಾತತ್ವ ಇಲಾಖೆಯ ನಿರ್ಬಂಧಗಳಿರ್ತವೆ, ಊರಲ್ಲಿ ಉಳಿಯೋದೇ ನೆಮ್ಮದಿ. ಎರಡನೇ ದಿನ ಕತ್ತಲಿರುವಾಗಲೇ ಹೊರಟರೆ ಅಳು ದರವಾಜಾ ಬೆಳಗಿನ ತಂಪಿನಲ್ಲೇ ದಾಟಬಹುದು. ಅದು ಹನ್ನೊಂದು ಗಂಟೆಯ ಮೇಲಾಯಿತು ಅಂದ್ರೆ ನನ್ನ ಸಲಹೆ, ರಾಜಗಡ ಸುತ್ತಿ ವಾಪಸ್ ಇಳಿದುಬಿಡಿ. ತೋರಣಾ ಎಲ್ಲಿಗೂ ಹೋಗಲ್ಲ.

ಓಡೋರಿಗೆ ಎರಡು ಮಾತು. ಸ್ಪರ್ಧೆಯ ದಿನ ಈ ದಾರಿ ಬೇರೆ, ಒಂದು ಮಂಗಳವಾರ ನೀವೊಬ್ಬರೇ ಹೋದ ದಿನ ಬೇರೆ. ಸ್ಪರ್ಧೆಯಲ್ಲಿ ನೀರಿನ ಟೇಬಲ್ ಇರುತ್ತೆ, ಗುರುತಿನ ರಿಬ್ಬನ್ ಇರುತ್ತೆ, ಇಂತಿಷ್ಟು ಹೊತ್ತಿಗೆ ಇಲ್ಲಿಗೆ ಬರದಿದ್ದರೆ ಸಾಕು ನಿಲ್ಲಿ ಅಂತ ಹೇಳೋರು ಇರ್ತಾರೆ. ಸ್ಪರ್ಧೆಯಲ್ಲಿ ಓಡಿದವರ ಟೈಮಿಂಗ್ ನೋಡಿ, ಒಂದೂವರೆ ಲೀಟರ್ ನೀರಿನ ವೆಸ್ಟ್ ಹಾಕಿಕೊಂಡು ಒಬ್ಬರೇ ಹೊರಡೋದು ಲೆಕ್ಕಕ್ಕೆ ಕೂಡಲ್ಲ. ಇನ್ನೊಂದು, ಇಳಿಜಾರು. ಗಟ್ಟಿ ಬಂಡೆಯ ಮೇಲೆ ಸಣ್ಣ ಗರಸು ಹರಡಿರುತ್ತೆ, ಗೋಲಿ ಚೆಲ್ಲಿದ ಹಾಗೆ. ಅದರ ಮೇಲೆ ಒಣ ಹುಲ್ಲು. ಏರು ಉಸಿರು ಕಸಿಯುತ್ತೆ, ಇಳಿಜಾರು ತೊಡೆ ಕಸಿಯುತ್ತೆ. ತೊಡೆ ಸೋತ ಮೇಲೆ ಬೀಳೋದು ತಡೆಯೋಕಾಗಲ್ಲ. ಚೆನ್ನೈ, ಹೈದರಾಬಾದಿನವರು 'ನಮಗೆ ಗುಡ್ಡ ಇಲ್ಲ' ಅಂತೀರಿ. ಅಪಾರ್ಟ್‌ಮೆಂಟಿನ ಮೆಟ್ಟಿಲಿದೆಯಲ್ಲ. ಹತ್ತೋದಷ್ಟೇ ಅಲ್ಲ, ಇಳಿಯೋದನ್ನೂ ಅಭ್ಯಾಸ ಮಾಡಿ, ಲಿಫ್ಟಿನಲ್ಲಿ ಇಳಿಯಬೇಡಿ.

ಬಿಸಿಲಿನ ವಿಷಯ. ಮಹಾರಾಷ್ಟ್ರದಲ್ಲಿ 'ಅಕ್ಟೋಬರ್ ಹೀಟ್' ಅಂತ ಒಂದು ಮಾತೇ ಇದೆ. ಮಳೆ ಹೋಗಿರುತ್ತೆ, ಹಸಿರು ಇನ್ನೂ ಇರುತ್ತೆ, ಸೋನ್ಕಿಯ ಹಳದಿ ಹೂವು ಅಲ್ಲಲ್ಲಿ ಉಳಿದಿರುತ್ತೆ. ನೋಡೋಕೆ ತಂಪು, ನಡೆಯೋಕೆ ಕುದಿ. ನವೆಂಬರ್ ನಡುವಿನಿಂದ ಜನವರಿ ಕೊನೆಯ ತನಕ ಒಳ್ಳೇ ಕಾಲ. ಫೆಬ್ರವರಿ ಆದಮೇಲೆ ಹುಲ್ಲು ಒಣಗಿ 'ವಣವಾ', ಅಂದ್ರೆ ಕಾಳ್ಗಿಚ್ಚು ಶುರುವಾಗುತ್ತೆ. ಮಳೆಗಾಲದಲ್ಲಿ ಬಂಡೆಯ ಮೇಲೆ ಪಾಚಿ, ಮುಂದೆ ಹತ್ತು ಹೆಜ್ಜೆ ಕಾಣದಷ್ಟು ಮಂಜು. ಆಗ ಒಂದು ಕೋಟೆ ಹತ್ತಿ ಇಳಿಯಿರಿ ಸಾಕು, ಏಣಿನ ಸಹವಾಸ ಬೇಡ.

ಬಿಸಿಲಿನಲ್ಲಿ ಸುಸ್ತು ಬೇರೆ, ಬಿಸಿಲು ಬಡಿಯೋದು ಬೇರೆ. ಜೊತೆಗಿರೋರು ತಲೆನೋವು, ವಾಕರಿಕೆ ಅಂದರೆ ಕೂರಿಸಿ, ನೆರಳು ಮಾಡಿ, ನೀರು-ಉಪ್ಪು ಕೊಡಿ. ಆದರೆ ಮಾತು ತೊದಲಿದರೆ, ಕೇಳಿದ್ದಕ್ಕೆ ಇನ್ನೇನೋ ಹೇಳಿದರೆ, ತೂರಾಡಿದರೆ ಅದು ಪ್ರಾಣಕ್ಕೆ ಬರೋ ವಿಷಯ. ಇರೋ ನೀರನ್ನ ಮೈಮೇಲೆ ಸುರಿದು ಗಾಳಿ ಬೀಸಬೇಕು, ಸಹಾಯಕ್ಕೆ ಆಗಲೇ ಫೋನ್ ಮಾಡಬೇಕು, 'ಸ್ವಲ್ಪ ಹೊತ್ತು ನೋಡೋಣ' ಅನ್ನಬಾರದು. ಉಪ್ಪಿಲ್ಲದೆ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯೋದೂ ಅಪಾಯ, ರಕ್ತದ ಸೋಡಿಯಂ ಇಳಿಯುತ್ತೆ. ಓಆರ್‌ಎಸ್ ಪೊಟ್ಟಣಕ್ಕಿಂತ ಅಗ್ಗದ್ದು, ಹಗುರವಾದದ್ದು ಇನ್ನೊಂದಿಲ್ಲ. ಮತ್ತೆ, ಮಂಡಿ ನೋವು ಅಂತ ಐಬುಪ್ರೊಫೇನ್ ನುಂಗಿ ಓಡೋ ಅಭ್ಯಾಸ ಕೆಲವರಿಗಿದೆ. ಮೈಯಲ್ಲಿ ನೀರು ಕಡಿಮೆಯಾಗಿರೋವಾಗ ಅದು ಮೂತ್ರಪಿಂಡಕ್ಕೆ ಹೊಡೆತ. ದಯವಿಟ್ಟು ಬೇಡ.

ಇನ್ನು ದಾರಿಯಲ್ಲಿರೋ ಜನ. ರಾಜಗಡ–ತೋರಣಾ ನಡುವಿನ ಖಿಂಡ್ ಹತ್ತಿರ ಧನಗರರ ಒಂದೆರಡು ಮನೆ ಸಿಗುತ್ತೆ. ಎಮ್ಮೆ-ಹಸು ಸಾಕೋ ಗೌಳಿ ಧನಗರರು. ಉತ್ತರ ಕನ್ನಡದವರು ಯಾರಾದರೂ ಇದ್ದರೆ ನಿಮಗೆ ಈ ಹೆಸರು ಹೊಸದಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಇರೋ ದನಗರ ಗೌಳಿಗಳು ಇದೇ ಬೆಟ್ಟಸಾಲಿನಿಂದ ದನಗಳ ಜೊತೆ ದಕ್ಷಿಣಕ್ಕೆ ಬಂದವರು, ಈಗಲೂ ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನ ಆಡ್ತಾರೆ. ಖಂಡೋಬಾ ಅಂತ ಮಹಾರಾಷ್ಟ್ರದ ಧನಗರರು ಕೈ ಮುಗಿಯೋ ದೇವರು ನಮ್ಮ ಮೈಲಾರಲಿಂಗನೇ, ಬಿರೋಬಾ ನಮ್ಮ ಬೀರಪ್ಪ. ನಾವು ಗುಡ್ಡದ ಮೇಲೆ ಅಪರಿಚಿತರ ಮನೆಗೇನೂ ಹೋಗ್ತಿಲ್ಲ.

ಈ ಮನೆಗಳಲ್ಲಿ ಮಜ್ಜಿಗೆ, ಲಿಂಬೂ ಸರಬತ್ತು ಮಾರ್ತಾರೆ. ಆದರೆ ಎಮ್ಮೆ ಹಿಂದೆ ಹೋಗಿರಬಹುದು, ಸಂತೆಗೆ ಹೋಗಿರಬಹುದು. ಅವರು ಇದ್ದೇ ಇರ್ತಾರೆ ಅಂತ ಒಂದು ಲೀಟರ್ ಕಡಿಮೆ ಹೊತ್ತು ಬರಬೇಡಿ. ಇದ್ದರೆ ಕುಡಿಯಿರಿ, ಚೌಕಾಸಿ ಮಾಡಬೇಡಿ. ಆ ಮಜ್ಜಿಗೆಯ ನೀರು ತಲೆಮೇಲೆ ಹೊತ್ತು ತಂದದ್ದು. ಬೇಸಿಗೆಯಲ್ಲಂತೂ ಅವರಿಗೇ ನೀರಿನ ಕಷ್ಟ ಇರುತ್ತೆ, ಬಾಟಲಿ ತುಂಬಿಸಿಕೊಡಿ ಅನ್ನೋ ಮೊದಲು 'ಮಾವಶೀ, ನೀರು ಇದೆಯಾ?' ಅಂತ ಕೇಳಿ. ಹಾಗೇ ದಾರಿಯನ್ನೂ ಕೇಳಿ. ಫೋನಿನ ಜಿಪಿಎಕ್ಸ್ ಗೆರೆ ಒಳ್ಳೇದೇ, ಆದರೆ ಈ ಗುಡ್ಡಗಳಲ್ಲಿ ಮನುಷ್ಯರ ದಾರಿಗಿಂತ ದನದ ದಾರಿ ಜಾಸ್ತಿ. 'ಢೋರ್‌ವಾಟ್' ಅಂತಾರೆ. ದನದ ದಾರಿ ಏರು ಬಿಟ್ಟು ಗುಡ್ಡದ ಸೊಂಟ ಬಳಸಿ ಸರಾಗವಾಗಿ ಹೋಗುತ್ತೆ, ಓಡೋಕೆ ಬಹಳ ಚೆನ್ನಾಗಿರುತ್ತೆ, ಆಮೇಲೆ ಒಂದು ಕಾರ್ವಿ ಪೊದೆಯಲ್ಲಿ ಮಾಯ ಆಗುತ್ತೆ. ಅಲ್ಲಿಂದ ನೇರ ಮೇಲೆ ಹತ್ತೋಕೆ ಹೋಗಬೇಡಿ, ಬಂದ ದಾರಿಯಲ್ಲೇ ಹಿಂದೆ ಬಂದು ಕವಲು ಹುಡುಕಿ. ಏಣಿನ ಬೆನ್ನು ಬಿಟ್ಟು ಪಕ್ಕಕ್ಕೆ ಬಹಳ ಹೊತ್ತು ಹೋಗ್ತಿದ್ದೀರಿ ಅಂದ್ರೆ ಅನುಮಾನ ಪಡಿ.

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನೂರು ಕಿಲೋಮೀಟರಿನ ಬೆಟ್ಟದ ಓಟ ನಡೀತಿತ್ತು. 172 ಜನ ಓಡ್ತಿದ್ದರು. ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಬಿರುಗಾಳಿ, ಆಲಿಕಲ್ಲು, ಮಂಜುಗಟ್ಟೋ ಮಳೆ. ಎಷ್ಟೋ ಜನ ಚಡ್ಡಿ, ಟೀ-ಶರ್ಟಿನಲ್ಲಿದ್ದರು. 21 ಜನ ಸತ್ತರು, ಅದರಲ್ಲಿ ದೇಶದ ಹೆಸರಾಂತ ಓಟಗಾರರೂ ಇದ್ದರು. ಅದೇ ಬೆಟ್ಟದಲ್ಲಿ ಕುರಿ ಮೇಯಿಸ್ತಿದ್ದ ಒಬ್ಬ ಕುರಿಗಾಹಿ ಆರು ಜನರನ್ನ ತನ್ನ ಗುಹೆಗೆ ಕರೆದೊಯ್ದು, ಬೆಂಕಿ ಹಾಕಿ ಬದುಕಿಸಿದ. ಆ ಗಾಳಿಯಲ್ಲಿ ಎಲ್ಲಿ ಮರೆ ಇದೆ ಅನ್ನೋದು ಅವನಿಗೆ ಗೊತ್ತಿತ್ತು. ನಮ್ಮಲ್ಲಿ ಅಪಾಯ ಬಿಸಿಲಿನದ್ದು, ಅಲ್ಲಿ ಚಳಿಯದ್ದು, ಅಷ್ಟೇ ವ್ಯತ್ಯಾಸ.

ಕರ್ನಾಟಕದ ಅರಣ್ಯದ ಚಾರಣಗಳಲ್ಲಿ ಆನ್‌ಲೈನ್ ಬುಕಿಂಗ್ ಮಾಡ್ತೀರಿ, ಚೆಕ್‌ಪೋಸ್ಟಿನಲ್ಲಿ ಹೆಸರು ಬರೀತೀರಿ. ಕಿರಿಕಿರಿ ಅನ್ನಿಸಬಹುದು, ಆದರೆ ನೀವು ಒಳಗಿದ್ದೀರಿ ಅನ್ನೋದು ಒಬ್ಬರಿಗಾದರೂ ಗೊತ್ತಿರುತ್ತೆ. ಈ ಏಣಿನ ಮೇಲೆ ನಿಮ್ಮನ್ನ ಎಣಿಸಿ ಒಳಗೆ ಬಿಡೋರು ಇಲ್ಲ. ಹಾಗಾಗಿ ಸಂಜೆ ನೀವು ಬರಲಿಲ್ಲ ಅಂತ ಗಮನಿಸೋರೂ ಇಲ್ಲ. ಗುಂಜವಣೆಯಲ್ಲಿ ಉಳಿದ ಮನೆಯವರಿಗೆ 'ತೋರಣಾ ಕಡೆ ಹೋಗ್ತೀವಿ, ವೇಲ್ಹೆಗೆ ಇಳಿದು ಫೋನ್ ಮಾಡ್ತೀವಿ' ಅಂತ ಹೇಳಿ, ಮತ್ತೆ ಮರೆಯದೆ ಮಾಡಿ. ಮಹಾರಾಷ್ಟ್ರದಲ್ಲಿ ಪರ್ವತಾರೋಹಿಗಳೇ ಕಟ್ಟಿಕೊಂಡ ರಕ್ಷಣಾ ಸಮನ್ವಯ ಕೇಂದ್ರ ಇದೆ. ಅದರ ಹೆಲ್ಪ್‌ಲೈನ್ ನಂಬರ್ ಹೊರಡೋ ಮೊದಲೇ ಸೇವ್ ಮಾಡಿಕೊಳ್ಳಿ, 112 ಹೇಗೂ ಇದೆ. ಆದರೆ ಯಾರೇ ಬರಲಿ, ಮೊದಲು ಮೇಲೆ ಹತ್ತಿ ಬರೋರು ಹತ್ತಿರದ ಊರಿನ ಹುಡುಗರೇ.

ಇನ್ನು ಹೆಜ್ಜೇನು. ಬಂಡೆಗಳಲ್ಲಿ ದೊಡ್ಡ ದೊಡ್ಡ ಹುಟ್ಟಿ ಇರ್ತವೆ. ಸೆಂಟು ಹಾಕಿಕೊಂಡು ಹೋಗಬೇಡಿ, ಹೊಗೆ ಮಾಡಬೇಡಿ, ಕೂಗಾಟ ಬೇಡ. ಸ್ಪೀಕರಿನಲ್ಲಿ ಹಾಡು ಹಾಕೋರಿಗೆ ಹೇಳಿ ಹೇಳಿ ಸಾಕಾಗಿದೆ, ಜೇನು ಹೇಳಿದರೆ ಕೇಳ್ತಾರೋ ಏನೋ.

ತೋರಣಾ ಮುಟ್ಟಿದ ಮೇಲೆ ಕೆಲಸ ಮುಗೀತು ಅಂತ ಅನ್ನಿಸುತ್ತೆ. 1403 ಮೀಟರ್, ಪುಣೆ ಜಿಲ್ಲೆಯ ಅತಿ ಎತ್ತರದ ಕೋಟೆ, ನೋಟ ಅಂಥದ್ದು. ಆದರೆ ಬಿನಿ ದರವಾಜಾದಿಂದ ವೇಲ್ಹೆಗೆ ಇಳಿಯೋಕೆ ಇನ್ನೂ ಎರಡು ಗಂಟೆ ಬೇಕು. ಮೊದಲು ಕಂಬಿ ಹಿಡಿದು ಬಂಡೆ ಇಳಿಯೋದು, ಆಮೇಲೆ ಬೋಳು ಏಣು. ಮೇಂಗಾಯಿ ಗುಡಿಯ ಹತ್ತಿರ ಮತ್ತೆ ನೀರು ತುಂಬಿಸಿಕೊಳ್ಳಿ, ಟಾರ್ಚ್ ಕೈಗೆ ಸಿಗೋ ಹಾಗೆ ಮೇಲಿಟ್ಟುಕೊಳ್ಳಿ. ಮಂಡಿ ನಡುಗ್ತಿದ್ದರೆ ಕೂತು ಇಳಿಯೋದರಲ್ಲಿ ನಾಚಿಕೆ ಏನಿಲ್ಲ. ವೇಲ್ಹೆಯಿಂದ ಪುಣೆಗೆ ಎಸ್‌ಟಿ ಬಸ್ಸು ಇದೆ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಹಿಂದಿನ ದಿನವೇ ವಿಚಾರಿಸಿ. ಬಸ್ಸು ತಪ್ಪಿತು ಅಂದ್ರೆ ಅಲ್ಲೇ ಯಾವುದಾದರೂ ಖಾನಾವಳಿಯಲ್ಲಿ ಊಟ ಮಾಡಿ ಬೆಳಿಗ್ಗೆ ಬನ್ನಿ. ಕತ್ತಲಲ್ಲಿ ಬಸ್ಸಿಗೋಸ್ಕರ ಓಡಿ ಇಳಿಯೋದು ಮಾತ್ರ ಬೇಡ.

ಇಷ್ಟು ನಾನು ಹೇಳೋದು. ಈಗ ನಿಮ್ಮ ಪ್ರಶ್ನೆಗಳು. ಶೂ ಯಾವುದು ತಗೋಬೇಕು ಅನ್ನೋದನ್ನ ಕೊನೆಗೆ ಇಟ್ಟುಕೊಳ್ಳೋಣ, ಇಲ್ಲಾಂದ್ರೆ ರಾತ್ರಿ ಪೂರ್ತಿ ಅದೇ ಆಗುತ್ತೆ.